ಒಂದು ಗೇಣು ಕೆಂಪು

ದಾರದ ತುದಿಯ ಸೀಸದ ಜಿಗ್ ಮತ್ತೆ ಕಲ್ಲಿಗೆ ಸಿಕ್ಕಿಬಿತ್ತು. ಮಥುರಾಬಾಯಿ ಗಾಳದ ಕೋಲನ್ನು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು, ಸೀರೆ ಮೇಲಕ್ಕೆ ಸಿಗಿಸಿ ಕೆಸರಿಗಿಳಿದು ದಾರ ಸಡಿಲ ಬಿಟ್ಟೂ ನೋಡಿದಳು. ನೀರಿನಡಿಯ ಯಾವುದೋ ಕಲ್ಲಿನ ಸಂದಿ ಅದನ್ನು ಕಚ್ಚಿ ಹಿಡಿದಿತ್ತು. ಬಿಡುವ ಲಕ್ಷಣ ಕಾಣಲಿಲ್ಲ.

“ಎಳೀಬ್ಯಾಡ್ರಿ ವೈನಿ, ಹರೀತೈತಿ!” ದಂಡೆಯ ಮೇಲಿಂದ ವೀರಣ್ಣ ಕೂಗಿದ. ಅವನು ಚಿಮ್ಮಡದ ಆಟೋದವನು. ಮೀನಿನ ಪರಿಚಯ ಅವನಿಗೆ ಇದ್ದದ್ದು ಸಾರಿನಲ್ಲಿ ಮಾತ್ರ. ಆದರೆ ಸಲಹೆ ಕೊಡುವುದಕ್ಕೆ ತಿಳಿವಳಿಕೆ ಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಎಳೀದಿದ್ರ ತಾನಾಗೇ ಎದ್ದು ಬರತೈತೇನೋ? ನೀ ಮುಳಗಿ ಬಿಡಸ್ತೀಯೇನು?”

“ನನಗ ಈಜ ಬರಾಂಗಿಲ್ರಿ. ಬರತಿದ್ರ ನಿಮ್ಮಂಥಾರನ್ನ ಹೊತಗೊಂಡು ಯಾಕ ತಿರಗತಿದ್ದೆ?”

ಮಥುರಾಬಾಯಿ ದಾರವನ್ನು ಕೈಗೆ ಸುತ್ತಿಕೊಂಡು ಎಳೆದಳು. ಟಪ್ಪೆಂದಿತು. ನೈಲಾನ್ ದಾರ ಹಗುರವಾಗಿ ಗಾಳಿಯಲ್ಲಿ ಹಾರಿ ಬಂದು ಅವಳ ಮುಖಕ್ಕೆ ತಾಗಿತು. ಜಿಗ್ ಹೋಯಿತು, ಅದನ್ನು ದಾರಕ್ಕೆ ಸಿಕ್ಕಿಸುವ ಸಣ್ಣ ಕೊಂಡಿಯೂ ಅದರ ಜೊತೆಗೇ ಹೋಯಿತು.

ತಿರುಗಿ ನೋಡಲು ಅವಳಿಗೆ ಮನಸ್ಸಾಗಲಿಲ್ಲ. ಆದರೂ ನೋಡಿದಳು. ಜಾಲಿಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವಳ ಗಂಡ ಸದಾಶಿವ ಕೂತಿದ್ದ. ಯಾರೋ ‘ಸ್ವಲ್ಪ ನೋಡಿಕೋ’ ಎಂದು ಬಿಟ್ಟುಹೋದ ಸಾಮಾನಿನ ಹಾಗೆ ಬಲಗೈ ತೊಡೆಯ ಮೇಲಿತ್ತು. ಅವನು ಹೊಳೆಯನ್ನು ನೋಡುತ್ತಿರಲಿಲ್ಲ. ಪಕ್ಕದ ಕಲ್ಲಿನ ಮೇಲೆ ತೆರೆದಿಟ್ಟಿದ್ದ ಡಬ್ಬಿಯನ್ನು ನೋಡುತ್ತಿದ್ದ. ಒಂದು ಕಾಲಕ್ಕೆ ಖಾನೆ ಖಾನೆಯಲ್ಲೂ ಜಿಗ್‌ಗಳಿದ್ದ ಆ ಡಬ್ಬಿಯಲ್ಲಿ ಈಗ ಒಂದೇ ಉಳಿದಿತ್ತು.

“ಹಂಗಲ್ಲ,” ಎಂದ.

ಶ್ರಾವಣದಲ್ಲಿ ಲಕ್ವಾ ಹೊಡೆದಾಗ ಅವನ ಬಲಗೈ, ಬಲಗಾಲು, ಬಾಯಿ ಮೂರೂ ಹೋಗಿದ್ದವು. ಕಾಲು ಅಷ್ಟಿಷ್ಟು ಬಂತು. ಬಾಯಿಗೆ ಬಂದದ್ದು ಈ ಒಂದೇ ಮಾತು. ಅನ್ನ ಕಲಸಿ ಕೊಟ್ಟರೆ “ಹಂಗಲ್ಲ”. ಅಂಗಿ ತೊಡಿಸಿದರೆ “ಹಂಗಲ್ಲ”. ಮುಧೋಳದಿಂದ ಮಗಳು ಮನೀಷಾ ಫೋನು ಮಾಡಿ “ಅಪ್ಪಾ, ಆರಾಮದೀಯೇನು?” ಎಂದು ಅತ್ತರೂ “ಹಂಗಲ್ಲ, ಹಂಗಲ್ಲ”. ಮೊದಮೊದಲು ಮಥುರಾಬಾಯಿ ಹಾಗಾದರೆ ಹೇಗೆ ಎಂದು ಕೇಳುತ್ತಿದ್ದಳು, ಅನ್ನ ಬದಲಿಸುತ್ತಿದ್ದಳು, ಅಂಗಿ ಬದಲಿಸುತ್ತಿದ್ದಳು. ಆಮೇಲೆ ತಿಳಿಯಿತು, ಅದು ಪಕ್ಕದ ಮನೆಯ ಪವರ್‌ಲೂಮಿನ ಸದ್ದಿದ್ದ ಹಾಗೆ. ಅದರ ನಡುವೆಯೇ ಬದುಕಬೇಕು, ಅದಕ್ಕೆ ಕಿವಿ ಕೊಡುತ್ತ ಕೂಡಲಾಗುವುದಿಲ್ಲ.

ದೀಪಾವಳಿ ಹೊತ್ತಿಗೆ ಆ ಮಾತೂ ಕಡಿಮೆಯಾಗಿ ಅವನು ಗೋಡೆಯ ಕಡೆ ಹೊರಳಿ ಮಲಗತೊಡಗಿದ. ಊಟ ಎರಡು ತುತ್ತಿಗೆ ಬಂತು. ಜಮಖಂಡಿಯ ಡಾಕ್ಟರು ಗುಳಿಗೆ ಬದಲಿಸಿ, ಅವಳನ್ನು ಹೊರಗೆ ಕರೆದು, “ಇವರಿಗೆ ಮೊದಲ ಏನರ ಹುಚ್ಚಿತ್ತೇನ್ರಿ? ಇದ್ರ ಅದನ್ನ ಕಣ್ಣಮುಂದ ಮಾಡ್ರಿ. ಗೋಡಿ ಕಡೆ ತಿರಗಿದ ಮನಷ್ಯಾನ್ನ ಗುಳಗಿ ತಿರಗಸೂದಿಲ್ರಿ,” ಎಂದಿದ್ದರು.

ಹುಚ್ಚು ಇತ್ತು. ಪವರ್‌ಲೂಮಿಗೆ ರಜೆ ಬಂದರೆ, ಕರೆಂಟು ಹೋದರೆ, ಸದಾಶಿವ ಹೊಳೆಗೆ ಓಡುತ್ತಿದ್ದ. ಹಿಂದೊಮ್ಮೆ ಸಾಂಗ್ಲಿಯ ಕಡೆಯವನೊಬ್ಬ ಬ್ಯಾರೇಜಿನ ಹಿನ್ನೀರಿಗೆ ಬಂದು, ಎರೆಹುಳವಿಲ್ಲದೆ, ಹಿಟ್ಟಿನುಂಡೆಯಿಲ್ಲದೆ, ಬರೀ ಸೀಸದ ತಲೆಯ ಒಂದು ಗಾಳಕ್ಕೆ ಬಣ್ಣದ ಎಳೆ ಕಟ್ಟಿ ಮೀನು ಹಿಡಿದು ತೋರಿಸಿದ್ದ. ಹೊರದೇಶದಲ್ಲಿ ಬಾಸ್ ಎಂಬ ಮೀನಿಗೆ ಇದನ್ನು ಹಾಕುತ್ತಾರೆ, ಜಿಗ್ ಎನ್ನುತ್ತಾರೆ, ನಮ್ಮ ಹೊಳೆಯ ಹಾವುತಲೆಯ ಮರಳ ಮೀನಿಗೂ ನಡೆಯುತ್ತದೆ ಎಂದಿದ್ದ. ಅಂದಿನಿಂದ ಸದಾಶಿವನಿಗೆ ಬೇರೆ ಗಾಳ ರುಚಿಸಲಿಲ್ಲ. ಹಳೆಯ ಬ್ಯಾಟರಿಯ ಸೀಸ ತಂದು ಅಂಗಳದ ಒಲೆಯ ಮೇಲೆ ಕರಗಿಸುವುದು, ಇಟ್ಟಿಗೆಯಲ್ಲಿ ಕೊರೆದ ಅಚ್ಚಿಗೆ ಸುರಿಯುವುದು, ಆಮೇಲೆ ಹೆಂಡತಿಯ ಕೈಮಗ್ಗದ ಹತ್ತಿರ ಬಂದು ತಲೆ ಕೆರೆಯುತ್ತ ನಿಲ್ಲುವುದು.

“ಒಂದ ಗೇಣ ಕೆಂಪ ಕೊಡ ಬೇ.”

“ಮೀನಕ್ಕ ಸೀರಿ ಉಡಸ್ತೀರಿ. ಹೆಂಡತಿಗಿ ಒಂದ ಜಂಪರ ಅರಿವಿ ತಂದೀರೇನು?”

“ನೀ ಸೀರಿ ಉಡಲಿಲ್ಲಂದ್ರೂ ಮನಿ ಬಿಟ್ಟ ಹೋಗಾಂಗಿಲ್ಲ. ಆಕಿ ಸೀರಿ ನೋಡೇ ಬರತಾಳ.”

ಡಬ್ಬಿಯಲ್ಲಿ ಉಳಿದದ್ದು ಕಪ್ಪಿನ ಮೇಲೆ ಕೆಂಪು ಎಳೆಯದು. ಲಕ್ವಾ ಹೊಡೆಯುವ ಹಿಂದಿನ ಸಂಜೆ ಕಟ್ಟಿದ್ದು. ಆ ದಿನ ಮಗ್ಗದ ಮೇಲಿದ್ದ ಸೀರೆ ಎಂದೋ ವ್ಯಾಪಾರಿಯ ಕೈದಾಟಿ, ಯಾವ ಊರಿನ ಯಾವ ಹೆಂಗಸಿನ ಮೈಮೇಲಿದೆಯೋ. ಅದರ ಈ ಒಂದು ಗೇಣು ಮಾತ್ರ ಇಲ್ಲಿತ್ತು.

ಹೀಗೆ ಮಥುರಾಬಾಯಿ ಈ ವಯಸ್ಸಿನಲ್ಲಿ ಜಿಗ್ ಎಸೆಯಲು ಕಲಿಯಹೊರಟಳು. ರಬಕವಿಯ ಓಣಿಯ ಹೆಂಗಸರು ಒಂದು ವಾರ ನಕ್ಕರು, ಆಮೇಲೆ ಅವರಿಗೆ ನಗಲು ಬೇರೆ ಯಾರೋ ಸಿಕ್ಕರು. ಎಸೆಯುವುದು ಕಷ್ಟವಾಗಲಿಲ್ಲ, ಲಾಳಿ ಎಸೆದ ಕೈ. ಕಷ್ಟವಾದದ್ದು ಸುಮ್ಮನಿರುವುದು. ಜಿಗ್ ತಳ ಮುಟ್ಟುವ ತನಕ ದಾರ ಬಿಗಿ ಹಿಡಿಯಬೇಕು, ಕೋಲಿನ ತುದಿ ಮೆಲ್ಲಗೆ ಎತ್ತಬೇಕು, ಅದು ಜಿಗಿದು ಮತ್ತೆ ಕೆಳಗಿಳಿಯುವುದನ್ನು ಕಾಯಬೇಕು. ಮೀನು ಕಚ್ಚುವುದು ಎತ್ತುವಾಗ ಅಲ್ಲ, ಇಳಿಯುವಾಗ. ಇದನ್ನು ಸದಾಶಿವ ಹೇಳಲಾರ. ಅವಳ ಪಕ್ಕ ಕುರ್ಚಿ ಹಾಕಿಸಿಕೊಂಡು, ಎಡಗೈಯನ್ನು ಅವಳ ಮೊಣಕೈ ಮೇಲಿಟ್ಟು, ‘ಎತ್ತು’ ಎನ್ನಲು ಒತ್ತುತ್ತಿದ್ದ, ‘ಕಾಯು’ ಎನ್ನಲು ಬಿಗಿಯಾಗಿ ಹಿಡಿಯುತ್ತಿದ್ದ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಹೀಗೆ ಕೈಮೇಲೆ ಕೈಯಿಟ್ಟು ಕೂತದ್ದಿರಲಿಲ್ಲ. ಹೊಳೆಗೆ ಹೋಗಿ ಬಂದ ದಿನ ಅವನು ಅರ್ಧ ರೊಟ್ಟಿ ಹೆಚ್ಚು ಉಣ್ಣುತ್ತಿದ್ದ. ಗೋಡೆಯ ಕಡೆ ಹೊರಳುತ್ತಿರಲಿಲ್ಲ. ಅದಕ್ಕಾಗಿ ಅವಳು ಮಗ್ಗ ನಿಲ್ಲಿಸಿ ಬರುತ್ತಿದ್ದಳು.

ಮೀನು ಮಾತ್ರ ಒಂದೂ ಸಿಕ್ಕಿರಲಿಲ್ಲ. ಕಲಿಯುವವಳ ಕೈಗೆ ಕಲ್ಲು ಸಿಕ್ಕಿತು, ಮುಳುಗಿದ ಜಾಲಿ ಸಿಕ್ಕಿತು, ಯಾರದೋ ಹರಿದ ಬಲೆ ಸಿಕ್ಕಿತು. ಪ್ರತಿಯೊಂದೂ ಒಂದೊಂದು ಜಿಗ್ ನುಂಗಿತು. ಹೊಸದನ್ನು ಮಾಡುವ ಕೈ ತೊಡೆಯ ಮೇಲೆ ಬಿದ್ದಿತ್ತು. ಅಂಗಡಿಯದು ತರೋಣವೇ ಎಂದು ಫೋನಿನಲ್ಲಿ ಚಿತ್ರ ತೋರಿಸಿದಾಗ ಅವನು ಫೋನನ್ನು ಬೋರಲು ಹಾಕಿದ್ದ.

“ಇದನ್ನ ಹಾಕಬ್ಯಾಡ್ರಿ ವೈನಿ,” ವೀರಣ್ಣ ಈಗ ದನಿ ತಗ್ಗಿಸಿ ಹೇಳಿದ. “ಒಂದರ ಇರಲಿ. ನೋಡಕೊಂತ ಕೂಡಾಕರ ಆಗತೈತಿ.”

ಮಥುರಾಬಾಯಿಗೂ ಹಾಗೇ ಅನ್ನಿಸಿತ್ತು. ಆದರೆ ಸದಾಶಿವ ತಾನೇ ಎಡಗೈ ಚಾಚಿ ಕಪ್ಪು ಕೆಂಪಿನ ಜಿಗ್ಗನ್ನು ತೆಗೆದು ಅವಳ ಮುಂದೆ ಹಿಡಿದ. ಹಿಡಿದು, ಗದ್ದ ಎತ್ತಿ, ನೀರಿನಲ್ಲಿ ಅರ್ಧ ಮುಳುಗಿ ನಿಂತಿದ್ದ ಜಾಲಿಮರದ ಕಡೆ ತೋರಿಸಿದ. ಆ ಮರದ ಬುಡದ ಮರಳ ಮೀನಿನ ಕಥೆಯನ್ನು ಅವಳು ಊಟದ ಹೊತ್ತಿಗೆ ಎಷ್ಟೋ ಸಲ ಕೇಳಿದ್ದಳು. ಹಾವಿನಂಥ ತಲೆ, ಮೊಣಕೈ ದಪ್ಪ ಮೈ, ಎರಡು ಸಲ ತಪ್ಪಿಸಿಕೊಂಡ ಕಳ್ಳ.

ಜಿಗ್ಗಿಗೆ ಅವನು ಕೈ ನೆಟ್ಟಗಿದ್ದಾಗಲೇ ಮೊಳದುದ್ದ ದಾರ ಕಟ್ಟಿಟ್ಟಿದ್ದ. ಇಷ್ಟು ದಿನ ಅದನ್ನು ಕೊಂಡಿಗೆ ಸಿಕ್ಕಿಸಿದರೆ ಸಾಕಿತ್ತು. ಈಗ ಕೊಂಡಿಯಿಲ್ಲ. ಎರಡು ತುದಿ ಕೂಡಿಸಬೇಕು, ಅಷ್ಟೇ. ಎರಡು ತುದಿ ಕೂಡಿಸುವುದನ್ನು ಮಥುರಾಬಾಯಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಗ್ಗದಲ್ಲಿ ಎಳೆ ಹರಿದಾಗೆಲ್ಲ, ಕಣ್ಣು ಬೇರೆ ಕಡೆಯಿದ್ದರೂ ಅವಳ ಬೆರಳುಗಳು ತಾವೇ ಗಂಟು ಹಾಕುತ್ತಿದ್ದವು: ಸಾಸಿವೆಯಷ್ಟು ಸಣ್ಣದು, ಹಣಿಗೆಯ ಹಲ್ಲಿನ ನಡುವೆ ತಡೆಯಿಲ್ಲದೆ ನುಸುಳುವುದು, ಸೀರೆಯ ಮೇಲೆ ಕೈಯಾಡಿಸಿದರೂ ತಿಳಿಯದ್ದು. ಅವಳ ಗಂಟು ಬಿಚ್ಚಿತೆಂದು ಯಾವ ವ್ಯಾಪಾರಿಯೂ ಸೀರೆ ಹಿಂದಕ್ಕೆ ತಂದದ್ದಿಲ್ಲ.

ಎರಡು ತುದಿ ಹೆಬ್ಬೆರಳ ಕೆಳಗೆ ಅಡ್ಡ ಹಿಡಿದಳು, ಸುತ್ತಿದಳು, ತೂರಿಸಿದಳು, ಎಳೆದಳು. ಉಳಿದ ಬಾಲವನ್ನು ಹಲ್ಲಿನಿಂದ ಕಚ್ಚಿ ಉಗುಳಿದಳು.

“ಹಂಗಲ್ಲ,” ಎಂದ ಸದಾಶಿವ.

“ಹೂಂ, ಹೂಂ.”

“ಹಂಗಲ್ಲ! ಹಂಗಲ್ಲ!” ಎಡಗೈಯಿಂದ ಕುರ್ಚಿಯ ಕೈ ಬಡಿದ.

“ಆತ ಬಿಡ್ರಿ, ಜೋಪಾನ ಒಗೀತೇನಿ. ಕಲ್ಲ ಕಡೆ ಹೋಗಾಂಗಿಲ್ಲ,” ಎಂದು ಅವಳು ಸಮಾಧಾನ ಹೇಳುತ್ತಲೇ ಎಸೆದಳು. ಗಂಟು ಕೋಲಿನ ಬಳೆಗಳ ಮೂಲಕ ಹಣಿಗೆಯಲ್ಲಿ ನುಸುಳಿದಷ್ಟೇ ನಯವಾಗಿ ನುಸುಳಿತು. ಜಿಗ್ ಜಾಲಿಯ ಪಕ್ಕದಲ್ಲೇ, ಇಂಥ ಕಡೆ ಎಂದು ಬೆರಳಿಟ್ಟು ತೋರಿಸಿದ ಹಾಗೆ, ಚಳಕ್ಕೆಂದು ಬಿತ್ತು. ಅಂಥ ಎಸೆತ ಅವಳ ಕೈಯಿಂದ ಅದುವರೆಗೆ ಬಿದ್ದಿರಲಿಲ್ಲ. ಹಿಂದೆ ಕುರ್ಚಿ ಬಡಿಯುವ ಸದ್ದು ನಿಂತಿತು.

ತಳ ಮುಟ್ಟಿತು. ಎತ್ತಿದಳು. ಇಳಿಯಿತು. ಎತ್ತಿದಳು. ಇಳಿಯುತ್ತಿದ್ದಾಗ ದಾರದಲ್ಲಿ ಟಕ್ಕೆಂದು ಏನೋ ಮುಟ್ಟಿತು. ಕಲ್ಲಲ್ಲ. ಮಗ್ಗದ ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಹರಿದರೆ ತಿಳಿಯುವ ಬೆರಳಿಗೆ ಅದು ತಿಳಿಯಿತು. ಕೋಲನ್ನು ಜಗ್ಗಿ ಎತ್ತಿದಳು; ಕೋಲು ಬಾಗಿ ನೀರಿಗೆ ತಲೆ ಹಾಕಿತು.

“ಬಂತೋ!” ವೀರಣ್ಣ ಚಪ್ಪಲಿಯ ಸಮೇತ ನೀರಿಗಿಳಿದ. “ಬಿಡಬ್ಯಾಡ್ರಿ ವೈನಿ! ಅಣ್ಣಾ, ನೋಡ, ನಿನ್ನ ಹೇಂತಿ ಆನಿ ಹಿಡದಾಳ!”

ದಾರ ಕುಯ್ಯೆನ್ನುತ್ತ ಓಡಿತು. ಮಥುರಾಬಾಯಿ ಕೊಟ್ಟಳು, ತಡೆದಳು, ಮತ್ತೆ ಸುತ್ತಿಕೊಂಡಳು. ಮರದಿಂದ ಈಚೆ ನೀರು ಒಡೆದು ಕಪ್ಪನೆಯ ದೊಡ್ಡ ತಲೆ ಎದ್ದಿತು, ಖರೆ ಹಾವಿನ ತಲೆಯೇ. ದವಡೆಯ ಮೂಲೆಯಲ್ಲಿ ಚೂರು ಕೆಂಪು. ಅವಳು ಹಿಂದಿರುಗಿ ನೋಡಿದಳು. ಸದಾಶಿವ ಕುರ್ಚಿಯಿಂದ ಅರ್ಧ ಎದ್ದಿದ್ದ. ಎಡಗೈ ಮೇಲೆತ್ತಿದ್ದ, ಬಾಯಿ ತೆರೆದಿತ್ತು, ಕಣ್ಣುಗಳು ಶ್ರಾವಣಕ್ಕಿಂತ ಹಿಂದಿನ ಕಣ್ಣುಗಳಾಗಿದ್ದವು. ಸದಾ ತೊಡೆಯ ಮೇಲಿರುತ್ತಿದ್ದ ಬಲಗೈ ಜಾರಿ ಪಕ್ಕಕ್ಕೆ ಜೋತಾಡುತ್ತಿದ್ದುದನ್ನೂ ಅವನು ಮರೆತಿದ್ದ.

ಆಗ ಕೋಲು ಹಗುರಾಯಿತು.

ಟಪ್ಪೆನ್ನಲಿಲ್ಲ. ಯಾವ ಸದ್ದೂ ಆಗಲಿಲ್ಲ. ಬಾಗಿದ್ದ ಕೋಲು ಮೆಲ್ಲಗೆ ನೆಟ್ಟಗಾಯಿತು. ನೀರಿನ ಮೇಲೆ ಒಂದು ಸುಳಿ ಎದ್ದು ಜಾಲಿಯ ಕಡೆ ಹೋಗಿ ಸಮವಾಯಿತು.

“ಹರಕೊಂಡ ಹೋತು,” ಎಂದ ವೀರಣ್ಣ, ಸೊಂಟಮಟ್ಟದ ನೀರಲ್ಲಿ ನಿಂತು. “ಹೋಗಲಿ ಬಿಡ್ರಿ. ಅಂಥಾದ್ದನ್ನ ಯಾವ ದಾರ ತಡೀತೈತಿ?”

ಮಥುರಾಬಾಯಿ ದಾರ ಸುತ್ತಿ ತುದಿಯನ್ನು ಕೈಗೆ ತೆಗೆದುಕೊಂಡಳು. ಹರಿದ ಎಳೆಯ ತುದಿ ಹೇಗಿರುತ್ತದೆಂದು ಅವಳಿಗೆ ಗೊತ್ತು. ಇದು ಹಾಗಿರಲಿಲ್ಲ. ಹಂದಿಮರಿಯ ಬಾಲದ ಹಾಗೆ ಸುರುಳಿ ಸುರುಳಿಯಾಗಿತ್ತು.

“ಹರದಿಲ್ಲೋ ಯಪ್ಪಾ,” ಎಂದಳು. “ಬಿಚ್ಚೇತಿ.”

ನೂಲಿಗೆ ನೂಲು ಕಚ್ಚಿಕೊಳ್ಳುತ್ತದೆ. ನೈಲಾನಿಗೆ ಕಚ್ಚುವ ಗುಣವಿಲ್ಲ, ಅದು ಜಾರುತ್ತದೆ; ಅದಕ್ಕೆ ಹಲವು ಸುತ್ತು ಬೇಕು. ತೀರ ಮೋಟಾಗಿ ಕಚ್ಚಿ ತೆಗೆದ ಬಾಲ, ಸಾಸಿವೆಯಷ್ಟು ಗಂಟು. ಅವಳಿಗೆ ಅಂಗೈಯಲ್ಲಿಟ್ಟಂತೆ ಎಲ್ಲ ಕಂಡಿತು, ಹೊತ್ತು ಮೀರಿದ ಮೇಲೆ. ಅವನು ಕುರ್ಚಿ ಬಡಿದದ್ದು ಯಾಕೆಂಬುದೂ.

ಹತ್ತಿರ ಹೋಗಿ ನಿಂತಳು. ಸದಾಶಿವ ಮತ್ತೆ ಕೂತಿದ್ದ. ಎಡಗೈ ಚಾಚಿ ದಾರದ ತುದಿ ತೆಗೆದುಕೊಂಡ. ಸುರುಳಿಯನ್ನು ಬೆರಳಿನಿಂದ ಎಳೆದ, ಬಿಟ್ಟ. ಅದು ಮತ್ತೆ ಸುತ್ತಿಕೊಂಡಿತು. ‘ಹಂಗಲ್ಲ’ ಅನ್ನುತ್ತಾನೆಂದು ಅವಳು ಕಾದಳು. ಅನ್ನಲಿ ಎಂದು ಬೇಡಿಕೊಂಡಳು. ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಮೊದಲಿದ್ದ ಜಾಗದಲ್ಲಿಟ್ಟುಕೊಂಡ.

ವೀರಣ್ಣ ಆಟೋದಿಂದ ಮನೆ ಮುಂದೆ ಕುರ್ಚಿ ಇಳಿಸಿ, ಬಾಡಿಗೆ ಬೇಡವೆಂದು ಕೈಯಾಡಿಸಿ ಹೋದ. ಸದಾಶಿವ ಎರಡು ತುತ್ತು ಉಂಡು ಮಂಚಕ್ಕೆ ಹೋಗಿ ಗೋಡೆಯ ಕಡೆ ಹೊರಳಿದ.

ಮಥುರಾಬಾಯಿ ಮಗ್ಗದ ಕೆಳಗಿನ ಕುಣಿಗೆ ಕಾಲಿಳಿಸಿ ಕೂತಳು. ನಿಂತ ಮಗ್ಗ ಅನ್ನ ಹಾಕುವುದಿಲ್ಲ. ಸ್ವಲ್ಪ ಹೊತ್ತಿಗೆ ಹಾಸಿನ ಒಂದು ಎಳೆ ಹರಿಯಿತು. ಬೆರಳುಗಳು ತಾವೇ ಹೋದವು, ಸುತ್ತಿದವು, ತೂರಿಸಿದವು. ಬಾಲ ಕಚ್ಚಲು ಬಗ್ಗಿದವಳು ಹಾಗೇ ತಡೆದಳು. ಗಂಟನ್ನು ಎರಡೂ ಕಡೆಯಿಂದ ಎಳೆದು ನೋಡಿದಳು. ಬಿಚ್ಚಲಿಲ್ಲ. ಮತ್ತೂ ಜಗ್ಗಿದಳು. ಬಿಚ್ಚಲಿಲ್ಲ. ಯಾರದೋ ಮೇಲಿನ ಸಿಟ್ಟಿನಂತೆ ಜಗ್ಗುತ್ತಲೇ ಇದ್ದಳು, ಗಂಟಿನ ಪಕ್ಕದಲ್ಲಿ ಎಳೆಯೇ ಹರಿಯುವವರೆಗೆ.

ಎದ್ದಳು. ಲಾಳಿಯೊಳಗಿನ ನೂಲು ಸುತ್ತಿದ ಕಂಡಿಕೆಯಿಂದ ಕೆಂಪು ಎಳೆ ಹಿರಿದು, ಗೇಣು ಹಾಕಿ ಅಳೆದು ಕತ್ತರಿಸಿದಳು. ಮಂಚದ ಅಂಚಿಗೆ ಕೂತಳು.

“ರೀ,” ಎಂದಳು. “ಒಂದ ಗೇಣ ಕೆಂಪ ತಂದೇನ್ರಿ.”

ಬೆನ್ನು ಅಲುಗಲಿಲ್ಲ. ಎಳೆಯನ್ನು ಅವನ ಎಡಗೈಯ ಹತ್ತಿರ ಇಟ್ಟು ಹಿಂದಕ್ಕೆ ಬಂದು ಹರಿದದ್ದನ್ನು ಕೂಡಿಸಿದಳು. ಲಾಳಿ ಎಸೆದಳು. ಪಕ್ಕದ ಮನೆಯ ಪವರ್‌ಲೂಮು ಶುರುವಾಯಿತು; ಅದರ ಸದ್ದಿನಲ್ಲಿ ಅವಳ ಮಗ್ಗದ ಸದ್ದು ಕೇಳದಾಯಿತು.

ಬಿಸಿಲು ಹೊಸ್ತಿಲು ದಾಟಿದ ಹೊತ್ತಿಗೆ ಅವಳು ಬೆನ್ನು ನೆಟ್ಟಗೆ ಮಾಡಿ ಮಂಚದ ಕಡೆ ನೋಡಿದಳು. ಸದಾಶಿವ ಎದ್ದು ಗೋಡೆಗೊರಗಿ ಕೂತಿದ್ದ. ಕೆಂಪು ಎಳೆಯ ಒಂದು ತುದಿ ಅವನ ಹಲ್ಲಿನ ನಡುವೆ ಇತ್ತು. ಇನ್ನೊಂದು ತುದಿಯನ್ನು ಎಡಗೈಯಿಂದ ತನ್ನ ಬಲಗೈಯ ಹೆಬ್ಬೆರಳಿಗೆ ಸುತ್ತುತ್ತಿದ್ದ. ಒಂದು ಸುತ್ತು, ಅದರ ಪಕ್ಕಕ್ಕೆ ಇನ್ನೊಂದು, ಮತ್ತೊಂದು. ಎಳೆ ಜಾರಿತು. ಬಿಡಿಸಿ, ಜೊಲ್ಲಿನಿಂದ ಒದ್ದೆ ಮಾಡಿ, ಮೊದಲಿನಿಂದ ಸುತ್ತಿದ.

ಅವಳು ಲಾಳಿಯನ್ನು ಕೈಯಲ್ಲೇ ಹಿಡಿದುಕೊಂಡಳು.

ಅವನು ತುದಿಯನ್ನು ತೂರಿಸಿ, ಹಲ್ಲು ಕಚ್ಚಿ ಎಳೆದ. ಈ ಸಲ ಗಂಟು ನಿಂತಿತು. ಸುತ್ತುಗಳ ಆಚೆ ಬೆರಳಿನ ತುದಿ ಕೆಂಪಾಯಿತು, ಆಮೇಲೆ ಕಪ್ಪಿಟ್ಟಿತು. ಅದು ಅವನಿಗೆ ತಿಳಿದ ಹಾಗೆ ಕಾಣಲಿಲ್ಲ. ಅವನು ಕೈಯನ್ನು ಎತ್ತಿ, ಗಂಟು ಹಾಕುವುದು ಹೀಗೆ ಎನ್ನುವಂತೆ, ನೋಡಲೆಂದು ಅವಳ ಕಡೆಗೆ ಹಿಡಿದ.