ಒಂದು ಇಳಿತ ಕೂತು ಕೊಂಡ ದೋಣಿ

ನೀಲಿ ದೋಣಿಯನ್ನು ನೋಡಿಬಂದ ದಿನದಿಂದ ಫಮಾವನ ಬಾಯಲ್ಲಿ ಬೇರೆ ಮಾತಿಲ್ಲ. ಇಪ್ಪತ್ತೆರಡು ವರ್ಷ ಲಾಮು ದ್ವೀಪದ ಕಡಲಲ್ಲಿ ಪರದೇಶದವರನ್ನು ಸುತ್ತಾಡಿಸಿದ ಮನುಷ್ಯ ಅವನು. ಊರಿಗೆಲ್ಲ ಹಬ್ಬವಾದ ದಿನವೇ ಅವನಿಗೆ ದುಡಿಮೆ. ಹೆಂಡತಿ ಮಕ್ಕಳಿಗಾಗಿ ಒಂದು ದಿನವೂ ಹಾಯಿ ಬಿಚ್ಚಿದವನಲ್ಲ. ಈಗ ಮನೆಯವರಿಗೆಂದೇ ಒಂದು ದೋಣಿ ಕೊಳ್ಳಲು ಹೊರಟಿದ್ದ.

ಪಕ್ಕದ ಶೇಲಾ ಹಳ್ಳಿಯ ದಂಡೆಯೆದುರು ಎರಡು ದೋಣಿ ಮಾರಾಟಕ್ಕಿದ್ದವು. ಎರಡನ್ನೂ ಯಾರೋ ದೂರದವರು ಸಾಗರ ದಾಟಿಸಿ ತಂದು, ತಮಗೆ ವಯಸ್ಸಾಯಿತೆಂದು ಬಿಟ್ಟುಹೋಗಿದ್ದರು. ಎರಡರಲ್ಲೂ ನಾಲ್ಕು ಜನ ಮಲಗುವ ಗೂಡು, ಒಂದು ಪುಟ್ಟ ಒಲೆ, ಒಂದೇ ಹಾಯಿಕಂಬ. ನೀಲಿಯದು ಮೀನಿನ ಮೈ. ಹೊಟ್ಟೆಯ ಕೆಳಗೆ ಆಳೆತ್ತರದ ಕಬ್ಬಿಣದ ಅಲಗು. ಹಳದಿಯದು ಗಿಡ್ಡ, ಅಗಲ. ಅಲಗಿನ ಬದಲು ಎಡಕ್ಕೊಂದು ಬಲಕ್ಕೊಂದು ಮೋಟು ಕಾಲು. ದಂಡೆಯವರು ಅದಕ್ಕೆ ಬೋಗುಣಿ ಎಂದು ಹೆಸರಿಟ್ಟಿದ್ದರು.

"ಝೇನಾನ ಅಮ್ಮಾ, ನೀನೇ ನೋಡಿದ್ಯಲ್ಲ, ನೀಲಿ ನೀರು ಸೀಳ್ಕೊಂಡು ಹೆಂಗೆ ಹೋಯ್ತು! ಆ ಬೋಗುಣೀಲಿ ಹೋದ್ರೆ ಜನ ನಂಗೆ ಸೌಟು ತೋರಿಸ್ತಾರೆ."

ಅವನ ಹೆಂಡತಿ ಸೊಮೋಯೆ ಬೇಗ ಉತ್ತರ ಕೊಡುವ ಹೆಂಗಸಲ್ಲ. ಅವಳಿಗೆ ಬೇಕಾದದ್ದು ಒಂದೇ: ಈ ಈದ್‌ಗೆ ಅಮ್ಮ ತನ್ನ ಮನೆಗೆ ಬರಬೇಕು.

ಅಮ್ಮ ಮ್ವನಾತೆ ಇರುವುದು ಇನ್ನೊಂದು ದ್ವೀಪದ ಸಿಯುವಿನಲ್ಲಿ, ಗಂಡುಮಕ್ಕಳ ಜೊತೆ. ಅವಳ ಕಂಠ ಆ ದ್ವೀಪಗಳಲ್ಲೆಲ್ಲ ಹೆಸರಾದದ್ದು. ಈದ್‌ನ ಮರುದಿನ ಲಾಮುವಿನ ಹೆಂಗಸರು ಒಂದು ಮನೆಯಲ್ಲಿ ಸೇರಿದರೆ, ನಬಿಯ ಸ್ತುತಿಯ ನೂರಿಪ್ಪತ್ತು ಪದ್ಯವನ್ನೂ ಪುಸ್ತಕ ಮುಟ್ಟದೆ ಹಾಡುವವಳು ಅವಳೇ. ಮೂರು ವರ್ಷದ ಹಿಂದೆ ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿತು, ನೋವು ಹೋಗಲಿಲ್ಲ. ಮೋಟಾರು ದೋಣಿ ಅಲೆಗೆ ಬಡಿದಾಗಲೆಲ್ಲ ಜೀವ ಹೋಗಿ ಬಂದಂತಾಗುತ್ತದೆ ಎಂದು ಅವಳು ಮನೆ ಬಿಟ್ಟು ಕದಲಲಿಲ್ಲ. ಮೂರು ಈದ್‌ಗಳಲ್ಲಿ ಹೆಂಗಸರು ಫೋನಿನಲ್ಲಿ ಹಿಡಿದಿಟ್ಟ ಅವಳ ದನಿಯನ್ನೇ ಕೇಳಿ, ಕಾಫಿ ಕುಡಿದು, ತಲೆ ತಗ್ಗಿಸಿಕೊಂಡು ಎದ್ದುಹೋದರು.

"ಅಮ್ಮನ್ನ ಕರ್ಕೊಂಡು ಬರೋ ದಾರೀಲಿ ಮ್ಕಂಡ ಕಾಲುವೆ ಇದೆ, ಝೇನಾನ ಅಪ್ಪ," ಎಂದಳು ಸೊಮೋಯೆ. "ಸಿಯು ಹಳ್ಳದಲ್ಲಿ ಬೆಳಗಿನ ಉಬ್ಬರ ತಪ್ಪಿದ್ರೆ ಮತ್ತೆ ಸಂಜೆಗೇ ನೀರು. ಬೆಳಿಗ್ಗೆ ಹೊರಟ್ರೆ ನಾವು ಮ್ಕಂಡಕ್ಕೆ ಬರೋದರಲ್ಲಿ ಅಲ್ಲಿ ನೀರು ಇಳಿದಿರುತ್ತೆ."

"ಅದಕ್ಕೇ ನೀಲಿ ಅಂದಿದ್ದು! ನೀರು ಇಳಿಯೋಕೆ ಮುಂಚೆ ದಾಟಿಬಿಡ್ತೀವಿ."

ಅವಳು ತಲೆಯಾಡಿಸಲೂ ಇಲ್ಲ, ಬೇಡವೆನ್ನಲೂ ಇಲ್ಲ. "ನಮ್ಮಪ್ಪ ದೋಣಿ ಕೊಳ್ಳೋವಾಗ ಒಂದು ಇಳಿತ ಪೂರ್ತಿ ಅದರಲ್ಲಿ ಕೂರ್ತಿದ್ರು. ನಾನೂ ಕೂತು ನೋಡ್ತೀನಿ. ಎರಡರಲ್ಲೂ."

ದಲ್ಲಾಳಿ ತ್ವಾಲಿಬ್ ಅಜ್ಜ ಗೊಣಗಿದ. "ದೋಣಿ ಓಡ್ಸಿ ನೋಡೋರನ್ನ ಕಂಡಿದ್ದೀನಿ ತಾಯಿ, ನಿಲ್ಸಿ ನೋಡೋರನ್ನ ನಿಮ್ಮ ಅಪ್ಪನ್ನ ಬಿಟ್ರೆ ನಿಮ್ಮನ್ನೇ ಕಂಡಿದ್ದು." ಗೊಣಗಿದರೂ ಉಬ್ಬರವಿದ್ದಾಗ ನೀಲಿಯನ್ನು ದಡದ ಮರಳಿನ ಹತ್ತಿರಕ್ಕೆ ತಂದು ಲಂಗರು ಹಾಕಿದ. ಸೊಮೋಯೆ ಇಬ್ಬರು ಹೆಣ್ಣುಮಕ್ಕಳೊಂದಿಗೆ ಒಳಗೆ ಹೋಗಿ ಕೂತಳು. ಹತ್ತು ವರ್ಷದ ಝೇನಾ, ಆರು ವರ್ಷದ ತಿಮಾ. ಸೊಮೋಯೆ ಕಣ್ಣು ಮುಚ್ಚಿ ಅಮ್ಮನ ಪದ್ಯ ಹೇಳಲು ಶುರುಮಾಡಿದಳು, ಝೇನಾ ದನಿಗೂಡಿಸಿದಳು.

ಇಪ್ಪತ್ತನೇ ಪದ್ಯಕ್ಕೆ ಅಲಗು ಮರಳು ಮುಟ್ಟಿತು. ಮೂವತ್ತಕ್ಕೆ ನೀರಿನ ತಂಬಿಗೆ ಮೆಲ್ಲಗೆ ಜಾರಿತು. ನಲವತ್ತಕ್ಕೆ ತಿಮಾ ಕಿಲಕಿಲ ನಗುತ್ತ ಅಕ್ಕನ ಮಡಿಲಿಗೆ ಬಿದ್ದಳು. ಅರವತ್ತನೆಯದಕ್ಕೆ ನೀಲಿ ದೋಣಿ ಪೂರಾ ಮಗ್ಗುಲಾಗಿ, ಗೋಡೆ ನೆಲವಾಗಿ, ಒಲೆ ತಲೆಯ ಮೇಲೆ ಬಂದಿತ್ತು. ಸೊಮೋಯೆ ಪದ್ಯ ನಿಲ್ಲಿಸಿದಳು. ಮಕ್ಕಳಿಗೆ ಅದು ಜಾರುಬಂಡೆ. ಅವಳ ಕಣ್ಣಮುಂದೆ ಮಾತ್ರ ಅಮ್ಮನ ಸೊಂಟ.

ಮರುದಿನ ಹಳದಿ. ನೀರು ಇಳಿಯುತ್ತಿದ್ದಂತೆ ತಳದಲ್ಲಿ ಧಬ್ ಎಂದಿತು, ಇನ್ನೊಮ್ಮೆ ಧಬ್ ಎಂದಿತು. ಆಮೇಲೆ ಸದ್ದಿಲ್ಲ. ಎರಡು ಕಾಲೂರಿ, ಮೆಲುಕು ಹಾಕುವ ಹಸುವಿನ ಹಾಗೆ ನಿಂತುಬಿಟ್ಟಿತು. ತಂಬಿಗೆ ಇಟ್ಟಲ್ಲೇ ಇತ್ತು. ನೂರಿಪ್ಪತ್ತು ಪದ್ಯವೂ ಮುಗಿದು, ಕೊನೆಯ ದುವಾ ಮುಗಿದು, ಅವಳು ಕಣ್ಣು ತೆರೆದಾಗ ತಿಮಾ ನಿದ್ದೆಹೋಗಿದ್ದಳು.

ಹೊರಗೆ ಮರಳ ಮೇಲೆ ಫಮಾವ ಕೈಕಟ್ಟಿ ನಿಂತಿದ್ದ. "ನಾವು ದೋಣಿ ತಗೊಳ್ತಿರೋದು ಓಡೋಕಾ, ಕೂರೋಕಾ?"

"ಅಮ್ಮನ್ನ ಕರೆತರೋಕೆ," ಎಂದಳು ಸೊಮೋಯೆ.

ಫಮಾವ ನೀಲಿಯ ಕಡೆ ಒಮ್ಮೆ ನೋಡಿದ, ಹಳದಿಯ ಕಡೆ ಒಮ್ಮೆ. ಅತ್ತೆಯನ್ನು ನೆನೆದನೋ ಏನೋ, ಕಟ್ಟಿದ ಕೈ ಬಿಚ್ಚಿ ಬೋಗುಣಿಯ ಮೈ ತಟ್ಟಿದ. "ಆಯ್ತು. ಸೌಟೂ ತಗೊಂಡುಬಿಡೋಣ."

ಎರಡೇ ದಿನಕ್ಕೆ ನೀಲಿಯನ್ನು ಅವನ ಚಿಕ್ಕಪ್ಪನ ಮಗ ಶೆಕುವೆ ಕೊಂಡ. ಕೊಂಡವನು ಸುಮ್ಮನಿರಬಾರದೆ? ದಂಡೆಯಲ್ಲಿ ಸಿಕ್ಕಾಗಲೆಲ್ಲ, "ಅಣ್ಣಾ, ಇವತ್ತು ಏನು ಬೇಯಿಸ್ತಿದ್ದೀಯಾ?" ಎನ್ನುತ್ತಿದ್ದ. ಫಮಾವ ಹಲ್ಲು ಕಚ್ಚಿ ಬೋಗುಣಿಗೆ ಬಣ್ಣ ಬಳಿಯುತ್ತಿದ್ದ.

ರಂಜಾನಿನ ಇಪ್ಪತ್ತೊಂಬತ್ತನೇ ದಿನ. ಸಂಜೆ ಚಂದ್ರ ಕಂಡರೆ ನಾಳೆಯೇ ಈದ್. ಹಿಂದಿನ ದಿನವೇ ಹೆಂಡತಿ ಮಕ್ಕಳೊಂದಿಗೆ ಸಿಯುವಿಗೆ ಹೋಗಿದ್ದ ಫಮಾವ, ಬೆಳಗಿನ ನಮಾಜ್ ಮುಗಿಯುತ್ತಲೇ ತುಂಬಿದ ಹಳ್ಳದಲ್ಲಿ ಅತ್ತೆಯನ್ನು ಎರಡು ಕೈಯಲ್ಲಿ ಎತ್ತಿ ದೋಣಿಯೊಳಗೆ ಕೂರಿಸಿದ. ಬೆನ್ನಿಗೆ ನಾಲ್ಕು ದಿಂಬು ಕೊಟ್ಟಳು ಸೊಮೋಯೆ. ಈಶಾನ್ಯದ ಗಾಳಿ ಹಿಂದಿನಿಂದ ಹಿತವಾಗಿ ನೂಕುತ್ತಿತ್ತು.

"ನೋವಾಗ್ತಿದೆಯಾ ಅಮ್ಮಾ?"

"ತೊಟ್ಟಿಲಲ್ಲಿ ಇದ್ದಂಗಿದೆ ಕಣೆ. ಎಲ್ಲಿ ಆ ಅಳಿಯ? ಮಾತೇ ಇಲ್ಲ?"

"ಚುಕ್ಕಾಣೀಲಿ ಇದ್ದೀನಿ ಅತ್ತೆ. ಮೂರು ವರ್ಷದ ಮಾತು ನೀವೇ ಆಡಿ ಮುಗಿಸಿ."

ತೆರೆದ ನೀರಿಗೆ ಬಂದಾಗ ಹಿಂದಿನಿಂದ ನೀಲಿ ಹಾರಿಬಂತು. ಶೆಕುವೆ ಆಚೆಯ ಫಾಜಾ ಊರಿನಿಂದ ತನ್ನ ಹೆಂಡತಿಯನ್ನೂ ಅವಳ ತಂದೆತಾಯಿಯನ್ನೂ ಕರೆತರುತ್ತಿದ್ದ. ಪಕ್ಕಕ್ಕೆ ಬಂದು ಕೂಗಿದ: "ಅಣ್ಣಾ! ನೀರು ಇಳಿಯೋದರೊಳಗೆ ಮ್ಕಂಡ ದಾಟ್ತೀನಿ. ಲಾಮೂಲಿ ನಿಮ್ಮನೇಲಿ ಒಲೆ ಹಚ್ಚೋಕೆ ಹೇಳ್ಲಾ?"

"ಹೇಳಪ್ಪಾ, ಹೇಳು," ಎಂದ ಫಮಾವ. ಆದರೆ ನೀಲಿಯ ಬೆನ್ನು ದೂರವಾಗುವುದನ್ನು ನೋಡುತ್ತ ಅವನ ಕೈ ಚುಕ್ಕಾಣಿಯ ಮೇಲೆ ಬಿಗಿಯಾದದ್ದು ಸೊಮೋಯೆಗೆ ಕಂಡಿತು.

ಶೆಕುವೆ ಕಡಲು ಬಲ್ಲವನೇ. ಆದರೆ ಹೊಸ ದೋಣಿಯ ಸಡಗರದಲ್ಲಿ ಒಂದನ್ನು ಮರೆತ. ಈದ್ ಬರುವುದೇ ಅಮಾವಾಸ್ಯೆಯ ಬೆನ್ನಿಗೆ. ತಿಂಗಳಲ್ಲಿ ಆ ದಿನಗಳಲ್ಲಿ ನೀರು ಏರುವುದೂ ಹೆಚ್ಚು, ಓಡಿಹೋಗುವುದೂ ಬೇಗ.

ಬೋಗುಣಿ ಮ್ಕಂಡ ಕಾಲುವೆಯ ನಡುವಿಗೆ ಬಂದಾಗ ದಡದ ಕೆಸರಿನ ಕಾಂಡ್ಲಾ ಗಿಡಗಳ ಬೇರುಗಳೆಲ್ಲ ಹೊರಬಿದ್ದಿದ್ದವು. ತಿರುವು ದಾಟುತ್ತಲೇ ಝೇನಾ ಚೀರಿದಳು: "ಅಪ್ಪಾ, ನೋಡು! ಚಿಕ್ಕಪ್ಪನ ದೋಣಿ ಮಲಗಿಬಿಟ್ಟಿದೆ!"

ನೀಲಿ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿತ್ತು, ಹಾಯಿಕಂಬ ಗಿಡಗಳ ಕಡೆ ಬಾಗಿತ್ತು. ಶೆಕುವೆಯ ಮಾವ ಮೇಲಿನ ಅಂಚನ್ನು ಹಿಡಿದು ತೂಗಾಡುತ್ತಿದ್ದ. ಅತ್ತೆ ಒಳಗಿನಿಂದ ಅಳಿಯನ ಏಳು ತಲೆಮಾರನ್ನು ನೆನೆಯುತ್ತಿದ್ದಳು. ಬೋಗುಣಿ ಹತ್ತು ಮಾರು ಹಿಂದೆ ಧಬ್, ಧಬ್ ಎಂದು ಕಾಲೂರಿ ನೆಟ್ಟಗೆ ನಿಂತಿತು.

ಫಮಾವ ಇಷ್ಟು ದಿನ ಕೂಡಿಟ್ಟ ಮಾತೆಲ್ಲ ನಾಲಿಗೆಯ ತುದಿಗೆ ಬಂತು. ಉಪವಾಸದ ಬಾಯಿ ಎಂದು ಒಂದನ್ನು ಬಿಟ್ಟು ಉಳಿದದ್ದನ್ನು ನುಂಗಿದ. "ತಮ್ಮಾ, ಒಲೆ ಹಚ್ಚಿದ್ಯಾ?"

ಶೆಕುವೆ ಕೆಸರು ಮೆತ್ತಿದ ಕೈಯಿಂದ ಹಣೆ ಚಚ್ಚಿಕೊಂಡ. "ನೆಟ್ಟಗಿದ್ದಾಗ ಹಚ್ಬೇಕಿತ್ತು ಅಣ್ಣಾ, ಈಗ ಒಲೆ ತಲೆ ಮೇಲಿದೆ."

ಅವನ ಹೆಂಡತಿ ಆಗಲೇ ಬುರ್ಖಾ ಎತ್ತಿಕಟ್ಟಿ ಕೆಸರಿಗೆ ಇಳಿದಿದ್ದಳು. "ಸೊಮೋಯೆ ಅಕ್ಕಾ, ನಿಮ್ಮ ಬೋಗುಣೀಲಿ ಜಾಗ ಇದೆಯಾ? ನಮ್ಮಪ್ಪ ಬಾವಲಿ ಆಗೋಗಿದ್ದಾರೆ!"

"ಬಾ ತಾಯಿ, ಇದೆ ಜಾಗ," ಎಂದು ಒಳಗಿನಿಂದ ಮ್ವನಾತೆಯೇ ಕೂಗಿದಳು. "ಬೋಗುಣಿ ಇರೋದೇ ಅದಕ್ಕೆ!"

ಒಬ್ಬೊಬ್ಬರನ್ನೇ ದಾಟಿಸಿದರು. ಹಾಯಿಯನ್ನು ಕಟ್ಟಿ ನೆರಳು ಮಾಡಿದರು. ನಡುಹಗಲಿನ ನಮಾಜ್ ಅಲ್ಲೇ, ಮಟ್ಟಸವಾಗಿ ನಿಂತ ದೋಣಿಯ ಮೇಲೆ. ಬಳಿಕ ಮ್ವನಾತೆ ಗಂಟಲು ಸರಿಮಾಡಿಕೊಂಡಳು. ಶೆಕುವೆಯ ಅತ್ತೆಯೂ ಬೈಗುಳ ನಿಲ್ಲಿಸಿದಳು. ಅದು ಹಳೆಯ ಸ್ತುತಿಯಲ್ಲ. ಅಲ್ಲೇ, ಆಗಲೇ ಕಟ್ಟಿದ್ದು:

ನೀರ ಕೊಟ್ಟವನೇ ನೀರ ಕರೆದೊಯ್ವನು,
ನೀರಿಲ್ಲದೆಡೆಯಲ್ಲೂ ನಮ್ಮ ನಿಲಿಸುವನು.

ನೀರು ಮತ್ತೆ ಬಂತು. ಬೇರು ಮುಚ್ಚಿ, ಕೆಸರು ಮುಚ್ಚಿ, ಇಳಿಹಗಲಿನ ನಮಾಜಿನ ಹೊತ್ತಿಗೆ ಬೋಗುಣಿಯನ್ನು ಮೆಲ್ಲಗೆ ಎತ್ತಿಕೊಂಡಿತು. ನೀಲಿಗೆ ಇನ್ನೂ ಒಂದು ತಾಸಿನ ನೀರು ಬೇಕಿತ್ತು. ಶೆಕುವೆ ಒಬ್ಬನೇ ಕಾಯಲು ಉಳಿದ. ಹೋಗುವಾಗ ಫಮಾವ ಅವನತ್ತ ಹಗ್ಗದ ಸುರುಳಿ ಎಸೆದು, ಅಲಗು ಎತ್ತ ಜಾರೀತೆಂದು ತೋರಿಸಿ, ಗಂಭೀರವಾಗಿಯೇ ಹೇಳಿದ: "ಎದ್ದ ಮೇಲೆ ನಡುಗಾಲುವೆ ಹಿಡ್ಕೊಂಡು ಬಾ. ನಿನ್ನ ದೋಣಿ ಚೆಂದ ಇದೆ. ಆಳ ಇರೋ ಕಡೆ."

ಲಾಮುವಿನ ಎದುರಿಗೆ ಬಂದಾಗ ಸೂರ್ಯ ಊರಿನ ಮನೆಗಳ ಹಿಂದೆ ಇಳಿದಿದ್ದ. ಮಾಳಿಗೆ ಮಾಳಿಗೆಯ ಮೇಲೂ ಜನ, ಎಲ್ಲರ ಮುಖ ಪಡುವಣಕ್ಕೆ. ಮಸೀದಿಗಳಿಂದ ಬಾಂಗ್ ಎದ್ದಿತು. ಸೊಮೋಯೆ ಒಂದೊಂದು ಖರ್ಜೂರ ಹಂಚಿದಳು; ಮೊದಲನೆಯದು ಅಮ್ಮನ ಕೈಗೆ. ಅದು ಬಾಯಲ್ಲಿರುವಾಗಲೇ, ಗೂಡಿನ ಮೇಲೆ ಹತ್ತಿ ನಿಂತಿದ್ದ ತಿಮಾ ಕುಣಿದಾಡಿದಳು: "ಅಲ್ಲಿ! ಅಜ್ಜೀ, ಅಲ್ಲಿ! ಮಿನಾರಿನ ಪಕ್ಕ!"

ಉಗುರಿನ ಗೆರೆಯಂಥ ಚಂದ್ರ. ದಂಡೆಯೆಲ್ಲ ಹೋ ಎಂದಿತು.

ದೊಡ್ಡ ಉಬ್ಬರದ ನೀರು ಇನ್ನೂ ಹೆಚ್ಚು ಇಳಿದಿರಲಿಲ್ಲ. ಬೋಗುಣಿಯ ಅಂಚು ಕಟ್ಟೆಗೆ ಸಮಸಮ ಬಂದು ತಾಗಿತು. ಹತ್ತುವುದಿಲ್ಲ, ಇಳಿಯುವುದಿಲ್ಲ, ಒಂದೇ ಹೆಜ್ಜೆ. ತ್ವಾಲಿಬ್ ಅಜ್ಜ ಗುಂಪಿನ ನಡುವಿನಿಂದ ಕೂಗಿದ: "ಬಂತಪ್ಪಾ ಬೋಗುಣಿ! ಏನು ಬೇಯಿಸ್ಕೊಂಡು ತಂದಿರಿ?"

ಫಮಾವ ಎದೆ ಸೆಟೆಸಿ ನಿಂತ. "ಬಂದು ನೋಡಿ ಅಜ್ಜ, ಒಳಗೆ ಏನಿದೆ ಅಂತ!"

ಸೊಮೋಯೆಯ ಹೆಗಲು ಹಿಡಿದು ಮ್ವನಾತೆ ಹೊರಬಂದಳು, ನೆಟ್ಟಗೆ ನಿಂತಳು, ಆ ಒಂದು ಹೆಜ್ಜೆ ಇಟ್ಟಳು. ಗುರುತು ಹಿಡಿದ ಹೆಂಗಸರು ಮೊದಲು ಪಿಸುಗುಟ್ಟಿದರು, ಮರುಕ್ಷಣ ಗಂಟಲೆತ್ತಿ ಹರ್ಷದ ಕೇಕೆ ಹಾಕಿದರು. ಮಾಳಿಗೆಯಿಂದ ಮಾಳಿಗೆಗೆ ಆ ಕೇಕೆ ಹರಿಯಿತು. ಒಬ್ಬಳು ಓಡಿಬಂದು ಅವಳ ಕೈಯನ್ನು ಕಣ್ಣಿಗೊತ್ತಿಕೊಂಡಳು: "ನಾಡಿದ್ದು ಎಲ್ಲಿ ಸೇರೋದು ಅಮ್ಮಾ?"

"ನನ್ನ ಮಗಳ ಮನೇಲಿ," ಎಂದಳು ಮ್ವನಾತೆ. "ಬೇಗ ಬನ್ನಿ. ಈ ಸಲ ಪದ್ಯ ನೂರಿಪ್ಪತ್ತೊಂದು."