ಅರ್ಧ ಗಡ್ಡ, ಪೂರ್ತಿ ಉಗಿ

ನನ್ನ ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆಯ ಮೇಲೆ ಇನ್ನೂ ನೊರೆ ಇತ್ತು. ಅಷ್ಟರಲ್ಲಿ ಭಾವನಿಗೆ ಫೋನ್ ಬಂತು. ಉಗಿ ಎಂಜಿನ್ನಿನ ಗೂಡ್ಸ್ ಗಾಡಿ ಹೇಳಿದ್ದಕ್ಕಿಂತ ಮೊದಲೇ ಹೊರಟುಬಿಟ್ಟಿತ್ತಂತೆ. ಕೇಳಿದ್ದೇ ತಡ, ಭಾವ ಕತ್ತಿ ಕೆಳಗಿಟ್ಟು, ಕ್ಯಾಮೆರಾ ಚೀಲ ಹೆಗಲಿಗೇರಿಸಿ, ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

ಭಾವ ಎಂದರೆ ನನ್ನ ಅಕ್ಕನ ಗಂಡ, ಈ ಕಟಿಂಗ್ ಶಾಪಿನ ಯಜಮಾನರು. ಅವರಿಗೆ ರೈಲಿನ ಹುಚ್ಚು. ಅಂತಿಂಥ ಹುಚ್ಚಲ್ಲ, ಮದುವೆಯ ದಿನವೂ ದೂರದಲ್ಲೆಲ್ಲೋ ರೈಲು ಕೂಗಿದಾಗ ಮದುಮಗನ ಕತ್ತು ಆ ಕಡೆಗೇ ತಿರುಗಿತ್ತೆಂದು ಅಕ್ಕ ಈಗಲೂ ಹಂಗಿಸುತ್ತಾಳೆ. ಇಂಥವರಿಗೆ ಉಗಿ ಎಂಜಿನ್ನಿನ ಒಂದೇ ಒಂದು ನೆಟ್ಟಗಿನ ಫೋಟೊ ಸಿಕ್ಕಿರಲಿಲ್ಲ. ಜನರ ಕೊರಳ ಮೇಲೆ ಕತ್ತಿ ಆಡಿಸುವಾಗ ಕೂದಲೆಳೆಯಷ್ಟೂ ಅಲುಗದ ಕೈ, ಎಂಜಿನ್ ಕಣ್ಣಿಗೆ ಬಿದ್ದ ತಕ್ಷಣ ಗಡಗಡ ನಡುಗುತ್ತಿತ್ತು. ಒಮ್ಮೆ ಬರೀ ಆಕಾಶ ಬಂತು, ಒಮ್ಮೆ ಅವರದೇ ಚಪ್ಪಲಿ. ಒಮ್ಮೆ ಲೆನ್ಸಿನ ಮುಚ್ಚಳ ತೆಗೆಯುವುದನ್ನೇ ಮರೆತಿದ್ದರು. ಆ ಫೋಟೊಗೆಂದೇ ಕನ್ನಡಿಯ ಮೇಲೆ ತೂಗುಹಾಕಿದ್ದ ಚೌಕಟ್ಟು ವರ್ಷಗಳಿಂದ ಖಾಲಿಯಾಗಿಯೇ ಇತ್ತು. ಬಂದ ಗಿರಾಕಿಗಳೆಲ್ಲ ರೈಲು ಇನ್ನೂ ಲೇಟಾ ಎಂದು ಕಾಲೆಳೆಯುವರು. ಭಾವನೂ ಜೊತೆಗೆ ನಗುವರು. ಆದರೆ ಆ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲವೆಂದು ಅಕ್ಕ ಹೇಳುತ್ತಿದ್ದಳು.

ಇದು ಕೊನೆಯ ಅವಕಾಶ. ಈ ಓಟ ಮುಗಿಸಿದ ಎಂಜಿನ್ ಸೀದಾ ಮ್ಯೂಸಿಯಂ ಸೇರುವುದಿತ್ತು. ಅದಕ್ಕೇ ಭಾವ ನನ್ನನ್ನು ಗೊತ್ತುಮಾಡಿಕೊಂಡಿದ್ದರು. ನಾನು ಗಡಿಯಾರ ರಿಪೇರಿಯವನು, ಕೈ ನಡುಗುವುದಿಲ್ಲ. ಮೇಲಾಗಿ ರೈಲೆಂದರೆ ನನಗೆ ಟಿಕೆಟ್ ತೆಗೆದು ಹತ್ತಿ ಇಳಿಯುವ ಸಾಮಾನು, ಅಷ್ಟೇ.

"ನಿಂಗೆ ಅದರ ಮೇಲೆ ಪ್ರೀತಿ ಇಲ್ಲ ನೋಡು, ನೀನೇ ಸರಿ," ಎಂದಿದ್ದರು. "ನಾನು ಒತ್ತು ಅಂದಾಗ ಒತ್ತು. ಇನ್ನೇನೂ ಮಾಡಬೇಡ."

ಸ್ಕೂಟರಿನ ಹಿಂದೆ ಕೂತೆ. ಕೊರಳಿಗೆ ಕಟ್ಟಿದ್ದ ಬಿಳಿ ಬಟ್ಟೆ ಪಟಪಟ ಹಾರುತ್ತಿತ್ತು. ಸಿಗ್ನಲ್ಲಿನಲ್ಲಿ ಪಕ್ಕದ ಬಸ್ಸಿನವರು ಎದ್ದು ನಿಂತು ನನ್ನನ್ನು ನೋಡಿದರು. ಮಾನ ಮೂರು ಕಾಸಿಗೆ ಹೋಯಿತು. ಭಾವ ಮಾತ್ರ ಎಂಜಿನ್ನಿನ ಚಕ್ರಗಳ ಗುಣಗಾನದಲ್ಲಿ ಮುಳುಗಿದ್ದರು.

ಹಳಿಯ ತಿರುವಿನಲ್ಲಿ ಭಾವನ ಸಂಗಡಿಗರೆಲ್ಲ ಆಗಲೇ ಜಾಗ ಹಿಡಿದಿದ್ದರು. ಹಲ್ಲಿನ ಡಾಕ್ಟರಮ್ಮ ಏಣಿ ಹತ್ತಿ ನಿಂತಿದ್ದರು, ಸ್ಕೂಲ್ ಬಸ್ಸಿನ ಡ್ರೈವರು ಬಸ್ಸಿನ ಮೇಲೆಯೇ ಇದ್ದರು. ನನ್ನ ಬಿಳಿ ಬಟ್ಟೆ ಎಲ್ಲರ ಫೋಟೊ ಕೆಡಿಸುತ್ತದೆಂದು ಡಾಕ್ಟರಮ್ಮ ಗೊಣಗಿದರು. ಇರಲಿ ಬಿಡಿ, ಇನ್ನೊಂದು ಸಿಗ್ನಲ್ ಇದ್ದ ಹಾಗಾಯಿತು ಎಂದರು ಡ್ರೈವರು. ನಾನು ಮುಖ ಊದಿಸಿಕೊಂಡು ಕ್ಯಾಮೆರಾ ಹಿಡಿದು ನಿಂತೆ.

ಮೊದಲು ಕಾಲಡಿಯ ನೆಲ ಗುನುಗಿತು. ಆಮೇಲೆ ಕಲ್ಲಿದ್ದಲಿನ ವಾಸನೆ. ಆಮೇಲೆ ತಿರುವಿನಾಚೆಯಿಂದ ಕಪ್ಪಗೆ, ದಪ್ಪಗೆ, ಏದುಸಿರು ಬಿಡುತ್ತ ಅದು ಬಂದೇಬಿಟ್ಟಿತು.

"ಒತ್ತು," ಎಂದರು ಭಾವ. ದನಿ ಅಳುವವರ ಹಾಗಿತ್ತು.

ಒತ್ತಿದೆ. ಸರಿಯಾಗಿ ಅದೇ ಗಳಿಗೆಗೆ, ಇಷ್ಟು ಜನರನ್ನು ಕಂಡ ಖುಷಿಗೋ ಏನೋ, ಎಂಜಿನ್ ಡ್ರೈವರು ಎರಡೂ ಬದಿಯಿಂದ ಬುಸ್ಸೆಂದು ಉಗಿ ಬಿಟ್ಟರು. ಡಾಕ್ಟರಮ್ಮ ಇಲ್ಲ, ಬಸ್ಸಿಲ್ಲ, ಭಾವನೂ ಇಲ್ಲ. ಬೆಚ್ಚನೆಯ ಬಿಳುಪಿನೊಳಗೆ ನಾನೊಬ್ಬನೇ ಇದ್ದೆ. ಅದು ಕೂಗಿದ್ದು ನನ್ನ ಪಕ್ಕೆಲುಬಿನೊಳಗೇ ಕೇಳಿಸಿತು. ಬಿಳುಪು ಹರಿದು ನನ್ನೆತ್ತರದ ಚಕ್ರಗಳು ಹೊರಬಂದವು. ಆಮೇಲೆ ನಾನೇನು ಮಾಡಿದೆನೋ ನನಗೇ ತಿಳಿಯದು. ಡಬ್ಬಿಗಳನ್ನು ಕೂಗಿ ಕೂಗಿ ಎಣಿಸಿದೆನಂತೆ, ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದೆನಂತೆ. ಕೊನೆಯ ಡಬ್ಬಿಯ ಗಾರ್ಡು ಬಾವುಟ ಬೀಸಿದಾಗ ನಾನು ಕತ್ತಿನ ಬಟ್ಟೆ ಬಿಚ್ಚಿ ಬೀಸಿದೆ. ಭಾವನನ್ನು ಅಪ್ಪಿ ಕುಣಿದಾಗ ನನ್ನ ಕೆನ್ನೆಯ ನೊರೆ ಅವರ ಕೆನ್ನೆಗೂ ಹತ್ತಿತು.

ಆಮೇಲೆ ಕ್ಯಾಮೆರಾ ನೋಡಿದೆ. ಇದ್ದದ್ದು ಒಂದೇ ಫೋಟೊ, ಅದೂ ಪೂರ್ತಿ ಬಿಳಿ. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

"ತಪ್ಪಾಯ್ತು ಭಾವ," ಎಂದೆ. "ಇನ್ನೊಂದೆರಡು ಒತ್ತಬೇಕಿತ್ತು. ಮರ್ತೇಬಿಟ್ಟೆ."

ಭಾವ ಫೋಟೊ ನೋಡಿದರು, ನನ್ನ ಮುಖ ನೋಡಿದರು. "ಮರ್ತೆಯಾ? ನೀನೂನಾ?" ಎಂದವರೇ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಸಿದು ನಕ್ಕರು. ಡಾಕ್ಟರಮ್ಮ ತಾವು ತೆಗೆದ ಫೋಟೊ ಕೊಡುತ್ತೇನೆಂದರೂ ಭಾವ ಬೇಡವೆಂದರು.

ಈಗ ಕನ್ನಡಿಯ ಮೇಲಿನ ಚೌಕಟ್ಟಿನಲ್ಲಿ ಆ ಬಿಳಿ ಫೋಟೊ ಇದೆ. ಮೊನ್ನೆ ನಾನು ಗಡ್ಡಕ್ಕೆ ಕೂತಿದ್ದಾಗ ಹೊಸ ಗಿರಾಕಿಯೊಬ್ಬ ಅದನ್ನು ತೋರಿಸಿ, ಚೌಕಟ್ಟು ಯಾಕೆ ಖಾಲಿ ಎಂದು ನಕ್ಕ. ಭಾವ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ನೊರೆಮುಖದಲ್ಲೇ ಅವನತ್ತ ತಿರುಗಿದೆ.

"ಖಾಲಿ ಅಲ್ಲ, ಸರಿಯಾಗಿ ನೋಡಿ," ಎಂದೆ. "ಎಂಜಿನ್ ಅದರೊಳಗಿದೆ."

ಅವನು ಎದ್ದು ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ಹುಡುಕತೊಡಗಿದ. ಭಾವ ನನ್ನ ತಲೆಯನ್ನು ಮೆಲ್ಲನೆ ನೆಟ್ಟಗೆ ತಿರುಗಿಸಿ ಮತ್ತೆ ಗಡ್ಡಕ್ಕೆ ಕೈ ಹಚ್ಚಿದರು. ನನ್ನ ಕೊರಳ ಮೇಲಿದ್ದ ಕತ್ತಿ ಮೊದಲ ಸಲ ಸಣ್ಣಗೆ ನಡುಗಿತು.