ಇಬ್ಬರ ಟೂರಿಗೆ ಮೂರನೇ ಫಾರ್ಮು

ನಾಗಪುರದಾಗ ವಾಸ ಮಾಡೋ ಸಮಸ್ತ ಕನ್ನಡಿಗರಿಗೆ, ಅವರ ಬೀಗರಿಗೆ, ಬಾಡಿಗಿದಾರರಿಗೆ ಈ ಮೂಲಕ ತಿಳಿಯಪಡಿಸೂದು ಏನಂದ್ರ: ಬಜಾಜ್ ನಗರದ ಉಮಾಪತಿಯವರು ಸಾವಿರದ ಒಂಬೈನೂರಾ ಎಂಬತ್ತಾರನೇ ಇಸವಿ ಫೆಬ್ರುವರಿಯ ಎರಡನೇ ರವಿವಾರ, ಮುಂಜಾನೆ ಹನ್ನೊಂದು ಗಂಟೇಕ್ಕ, ಇತವಾರಿ ಬಾಜಾರದಾಗ ಗಾಲಿ ಇರೋ ಒಂದು ಸೂಟ್‌ಕೇಸು ಖರೀದಿ ಮಾಡ್ಯಾರ. ಬಣ್ಣ ನೀಲಿ. ಗಾಲಿ ನಾಕು. ಅದರಾಗ ತಿರಗೂವು ಮೂರು.

ಕೈಗಾಡಿ, ಟೆಂಪೋಗಳ ನಡುವ ಅದನ್ನ ಪಟ್ಟಿ ಹಿಡದು ಎಳಕೊಂಡು ಬರೋವಾಗ ಉಮಾಪತಿಯವರ ಮುಖದ ಮ್ಯಾಲೆ ಯುದ್ಧ ಗೆದ್ದು ಆನಿ ಹಿಡಕೊಂಡು ಬರೋ ರಾಜನ ಕಳೆ ಇತ್ತಂತ. ಇದನ್ನ ಹೇಳಿದಾಕಿ ಹಿಂದಿಂದ ಆ ಆನೀನ ದಬ್ಬತಿದ್ದ ಅವರ ಹೆಂಡತಿ ವಿಜಯಾ.

ಸೂಟ್‌ಕೇಸಿಗೆ ಕಾರಣ ಸಿಂಗಾಪುರ. ಲಗ್ನ ಆಗಿ ಇಪ್ಪತ್ತೈದು ವರ್ಷ ಆಗಿದ್ದಕ್ಕ ಗಂಡ ಹೆಂಡತಿ ಒಮ್ಮೆ ಫಾರಿನ್ ನೋಡಿ ಬರೂದು ಅಂತ ನಿಕ್ಕಿ ಮಾಡಿದ್ರು. ನಾಗಪುರದಿಂದ ಸಿಂಗಾಪುರಕ್ಕ, ಹಾವಿನ ಊರಿಂದ ಸಿಂಹದ ಊರಿಗೆ. ಹೋಗೂದು ನಿಕ್ಕಿ ಆಗಿತ್ತು, ಹೆಂಗ ಹೋಗೂದು ಅನ್ನೂದು ಆಗಿರ್ಲಿಲ್ಲ. ಗ್ರೂಪ್ ಟೂರೋ, ಪ್ರೈವೇಟ್ ಟೂರೋ?

ಉಮಾಪತಿ ಬ್ಯಾಂಕಿನ ಮನಶ್ಯಾ. ಸಾಲು ಕಂಡ್ರ ಸಮಾಧಾನ, ಸಾಲಿನ ಕಡೀಗೆ ನಿಂತ್ರ ಇನ್ನೂ ಸಮಾಧಾನ. ಅವರ ಲೆಕ್ಕಕ್ಕ ಗ್ರೂಪ್ ಟೂರ್ ಅಂದ್ರ ಸ್ವರ್ಗ. ಹದಿನೈದು ಮಂದಿ, ಸೀಟಿ ಊದೋ ಒಬ್ಬ ಲೀಡರ್, ಝುಣಕಾ ಭಾಕ್ರಿ ಮಾಡಾಕ ಜೋಡಿ ಬರೋ ಅಡಗಿಯವ, ಬಸ್ ಹತ್ತೋವಾಗ ತಲಿ ಎಣಸೂದು, ಇಳಿಯೋವಾಗ ತಲಿ ಎಣಸೂದು. ವಿಜಯಾ ಸಾಲಿ ಟೀಚರು. ವರ್ಷಗಟ್ಲೆ ನಲವತ್ತು ಹುಡಿಗ್ಯಾರ ತಲಿ ಎಣಸಿದಾಕಿಗೆ ತನ್ನ ತಲಿ ಎಣಸಿಕೊಳ್ಳಾಕ ಸಿಂಗಾಪುರಕ್ಕ ಹೋಗೋ ಗರಜು ಇರ್ಲಿಲ್ಲ.

ಖರೇ ಕಾರಣ ಬ್ಯಾರೇನ ಇತ್ತು, ಅದನ್ನ ಆಕಿ ಮುಚ್ಚಿಡ್ಲೂ ಇಲ್ಲ. ಲಗ್ನ ಆದ ಹೊಸದಾಗಿ ರಾಮಟೇಕಕ್ಕ ಹೋದಾಗ ಅತ್ತಿ ಲಕ್ಷ್ಮವ್ವ ಜೋಡಿ ಬಂದ್ರು. ಪಚಮಢಿಗೆ ಹೋದಾಗ ಬಂದ್ರು. ಹಿಂದಿ ಒಂದಕ್ಷರ ತಿಳೀದಿದ್ರೂ ಹಿಂದಿ ಸಿನೆಮಾಕ್ಕ ಬಂದ್ರು. ಬಸ್ಸಿನ್ಯಾಗ ಮೂರು ಮಂದಿ ಸೀಟಿನ ನಡುವ ಕುಂತ್ರು. ಕೆಟ್ಟ ಹೆಣ್ಣುಮಗಳಲ್ಲ ಅವರು, ಕಾಡ್ಲಿಲ್ಲ, ಬೈಲಿಲ್ಲ. ಬರೇ ಬಂದ್ರು. ಎರಡು ವರ್ಷದ ಹಿಂದ ಚಳಿಗಾಲದಾಗ ತೀರಿಕೊಂಡ್ರು. ಕಡೀ ತಿಂಗಳು ಗಂಜಿ ಕುಡಿಸಿದಾಕಿ ವಿಜಯಾನ.

"ಇಪ್ಪತ್ತಮೂರು ವರ್ಷ ಗ್ರೂಪ್ ಟೂರಿನ್ಯಾಗ ಇದ್ದೆನ್ರಿ ನಾ," ಅಂದ್ಲು ಗಂಡಗ. "ಒಂದ ಸಲ ಪ್ರೈವೇಟ್ ಹೋಗೂಣು. ನೀವು, ನಾನು. ಬರೋಬರ್ ಇಬ್ರು."

ಉಮಾಪತಿ ಒಪ್ಪಿದ್ರು. ಇಬ್ರೂ ಕೂಡಿ ಸೀತಾಬರ್ಡಿಯಾಗ ವಾಮನನ ಟ್ರಾವೆಲ್ ಆಫೀಸಿಗೆ ಪಾವಟಿಗಿ ಹತ್ತಿ ಹೋದ್ರು. ವಾಮನ ಬೆಳಗಾವಿ ಕಡೆಯಾಂವ. ಕನ್ನಡ ಸುರು ಮಾಡಿ ಮರಾಠಿಯಾಗ ಮುಗಸ್ತಿದ್ದ. ಪ್ರೈವೇಟ್ ಅಂದ್ರ ನಿಮ್ಮ ಕಾರು ನಿಮ್ಮದು, ನಿಮ್ಮ ಟೈಮು ನಿಮ್ಮದು, ಬಾಜೂಕ ಪರಕೀಯರು ಯಾರೂ ಇಲ್ಲ, ಮನೀ ಮಂದಿ ಅಷ್ಟ, ಅಂತ ಹೇಳಿ ಚಹಾ ತರಿಸಿದ. ನಾಕು ಕಪ್ ಬಂತು. ಮೂರು ಮಂದಿ ಇದ್ದದ್ದಕ್ಕ ಒಂದು ಕಪ್ ಖಾಲಿ ಕುರ್ಚಿ ಮುಂದ ಕುಂತಿತ್ತು. ಏಳೋವಾಗ ಅದೂ ಖಾಲಿ. ಹೆಂಡತಿ ಕುಡದ್ಲು ಅಂತ ಗಂಡ ತಿಳಕೊಂಡ, ಗಂಡ ಕುಡದ ಅಂತ ಹೆಂಡತಿ.

ಪಾಸ್‌ಪೋರ್ಟಿಗೆ ಮನೀ ಪತ್ತೆದ ಪುರಾವೆ ಬೇಕು, ರೇಶನ್ ಕಾರ್ಡ್ ಕೊಡ್ರಿ ಅಂದ ವಾಮನ. ಉಮಾಪತಿ ಕೊಟ್ರು. ಕಾರ್ಡಿನ್ಯಾಗ ಮೂರು ಹೆಸರು. ಈಗ ಇದ್ದದ್ದು ಇದ್ದಂಗ ಹೇಳಬೇಕಂದ್ರ, ಸತ್ತವರ ಹೆಸರನ್ನ ರೇಶನ್ ಕಾರ್ಡಿಂದ ಗಡಿಬಿಡಿಲೇ ಹೊಡದು ಹಾಕೋ ಮನಿ ನಮ್ಮ ಓಣ್ಯಾಗ ಒಂದೂ ಇರ್ಲಿಲ್ಲ. ಸಕ್ರಿ ತಲಿಗಿಷ್ಟು ಅಂತ ಬರ್ತಿತ್ತು. ತಲಿ ಹೋದ್ರೂ ಸಕ್ರಿ ಬರ್ತಿತ್ತು. ಲಕ್ಷ್ಮವ್ವ ಹೋಗಿ ಎರಡು ವರ್ಷ ಆದ್ರೂ ಆ ಮನೀ ಮುಂಜಾನಿ ಚಹಾ ಅವರ ಪಾಲಿನ ಸಕ್ರಿಯಿಂದನ ಸಿಹಿ ಆಗ್ತಿತ್ತು.

ಆಮ್ಯಾಲೆ ಧರಮಪೇಠದ ಸ್ಟುಡಿಯೋದಾಗ ಫೋಟೋ ತಗಿಸಿದ್ರು. ನಾಕು ದಿನ ಬಿಟ್ಟು ಹೋದ್ರ ಲಕೋಟಿಯಾಗ ಮೂರು ಜೋಡಿ ಫೋಟೋ. ಮೂರನೇದರಾಗ ಲಕ್ಷ್ಮವ್ವ. ತಲಿ ಮ್ಯಾಲೆ ಸೆರಗು, ಹೆಗಲ ಮ್ಯಾಲೆ ಶಾಲು, ನೋಟ ಕ್ಯಾಮೆರಾದ ಕಡೆ ಇಲ್ಲ, ಸ್ವಲ್ಪ ಬಲಕ್ಕ, ಯಾರೋ ಬಾಜೂಕ ಕುಂತಾರ ಅನ್ನೋ ಹಂಗ. ನಿಮ್ಮ ಫೋಟೋ ಆದ ಕೂಡ್ಲೆ ಆಜಿ ಬಂದು ಕುಂತ್ರಲ್ಲ, ಅಂದ ಸ್ಟುಡಿಯೋದಾಂವ. ಮರಾಠಿಯಾಗ ಅಜ್ಜಿಗೆ ಆಜಿ.

ಉಮಾಪತಿಗೆ ಒಂದ ನಿಮಿಷದಾಗ ಕಾರಣ ಸಿಕ್ತು. ಹಿಂದ ಅವ್ವನ ಪೆನ್ಶನ್ನಿಗೆ ಇದ ಸ್ಟುಡಿಯೋದಾಗ ಫೋಟೋ ತಗಿಸಿದ್ದು ನೆನಪಿತ್ತು. ಹಳೇ ನೆಗೆಟಿವ್ ಕಲಬೆರಕಿ ಆಗೈತಿ ಅಂದ್ರು. ಮನಿಗೆ ಬಂದು ವಿಜಯಾ ಫೋಟೋನ ಕಿಟಕಿ ಬೆಳಕಿಗೆ ಹಿಡದು ನೋಡಿದ್ಲು.

"ಆ ಶಾಲು ನಾ ಹೆಣದಿದ್ದು," ಅಂದ್ಲು ಆಮ್ಯಾಲೆ. "ಕಡೀ ದಿವಸ ಮೈಮ್ಯಾಲೆ ಹೊಚ್ಚಿ ಕಳಿಸಿದ್ದು. ತಿರಗಿ ಮನಿಗೆ ಬಂದಿಲ್ಲ ಅದು."

ಅಂಥಾ ಶಾಲು ಬಾಜಾರದಾಗ ಸಾವಿರ ಇರ್ತಾವು ಅಂದ್ರು ಉಮಾಪತಿ.

"ಹೆಗಲ ಮ್ಯಾಲೆ ಹೆಣಿಕಿ ತಪ್ಪೈತಿ, ನೋಡ್ರಿ. ಆ ತಪ್ಪು ನಂದು."

ಮರುದಿನ ಉಮಾಪತಿ ಒಬ್ರ ವಾಮನನ ಕಡೆ ಓಡಿದ್ರು. ತಡ ಆಗಿತ್ತು. ಮೂರೂ ಫಾರ್ಮು ಪಾಸ್‌ಪೋರ್ಟ್ ಆಫೀಸಿಗೆ ಹೋಗಿದ್ವು. ಸ್ಟುಡಿಯೋದವರು ಒಂದೊಂದು ಫೋಟೋ ಸೀದಾ ಇವನ ಕಡೆ ಕಳಿಸಿದ್ರಂತ. ಮೂರನೇ ಫಾರ್ಮಿಗೆ ಸಹಿ ಯಾರು ಮಾಡಿದ್ರು ಅಂತ ಕೇಳಿದ್ದಕ್ಕ ವಾಮನ ನಕಲು ಪ್ರತಿ ತಗದು ತೋರಿಸಿದ. ನೀಲಿ ಹೆಬ್ಬಟ್ಟು. ಮಂಗಳವಾರ ಮಧ್ಯಾಹ್ನ ಆಜಿ ತಾವ ಬಂದಿದ್ರು, ಇಷ್ಟು ಪಾವಟಿಗಿ ಹತ್ತಿದ್ರೂ ಏದುಸಿರು ಇಲ್ಲ, ಏನ್ ತಬ್ಬೇತ್ ಕಾಕಾ ನಿಮ್ಮ ಅವ್ವಂದು, ಅಂತ ಹೊಗಳಿದ.

ಅವ್ವ ಸತ್ತಾಳ ಅಂತ ಹೇಳಾಕ ಉಮಾಪತಿ ಬಾಯಿ ತಗದ್ರು. ತಗದದ್ದನ್ನ ಮುಚ್ಚಿದ್ರು. ಸತ್ತಾಳ ಅಂದ್ರ ಯಾವಾಗ ಅಂತ ಕೇಳ್ತಾರ. ಯಾವಾಗ ಅಂತ ಹೇಳಿದ್ರ ಕಾರ್ಡಿನ್ಯಾಗ ಹೆಸರು ಯಾಕೈತಿ ಅಂತ ಕೇಳ್ತಾರ. ಬ್ಯಾಂಕಿನ ನೌಕರಿ. ಬಾಯಿ ತುಂಬ ಎರಡು ವರ್ಷದ ಸಕ್ರಿ ಇಟ್ಟಕೊಂಡು ಮಾತಾಡೂದು ಸಣ್ಣ ಮಾತಲ್ಲ.

ಏಪ್ರಿಲ್ ಬಂತು. ನಾಗಪುರದ ಬಿಸಲು ಗೊತ್ತಿದ್ದದ್ದ. ಮಧ್ಯಾಹ್ನ ಓಣ್ಯಾಗ ನಾಯಿ ಸುದ್ದಾ ತಿರಗೂದಿಲ್ಲ. ಒಂದಿನ ಸಂಜಿಮುಂದ ಪಾನ್ ಅಂಗಡಿ ಹತ್ರ ಕಾಶೀನಾಥ ಅನ್ನೋ ಪೊಲೀಸ ಉಮಾಪತಿಯವರನ್ನ ತಡದು ನಮಸ್ಕಾರ ಮಾಡಿದ. ಪಾಸ್‌ಪೋರ್ಟಿನ ಚೌಕಶಿಗೆ ಅಂವ ಎರಡು ಸಲ ಮಧ್ಯಾಹ್ನ ಇವರ ಮನಿಗೆ ಬಂದು ಹೋಗಿದ್ದ. ಉಮಾಪತಿ ಬ್ಯಾಂಕಿನ್ಯಾಗ, ವಿಜಯಾ ಸಾಲ್ಯಾಗ, ಮನಿಗೆ ಕೀಲಿ. ಆದ್ರೂ ಕಾಶೀನಾಥ ಖುಷಿಲೇ ಇದ್ದ. ಪೊಲೀಸರಿಗೆ ಬಾಗಲಾ ತಗೀಲಾರದ ಊರಾಗ ಆಜಿ ಹಿತ್ತಲ ಕಡಿಂದ ಕರದು ಬೆಲ್ಲ, ನೀರು ಕೊಟ್ರಂತ. ಎರಡೂ ಸಲ.

ಉಮಾಪತಿಗೆ ಒಂದ ಒಂದು ಪ್ರಶ್ನಿ ಹೊಳೀತು. ಅವ್ವಗ ಸಾಯೋತನಕ ಮರಾಠಿ ಬಂದಿರ್ಲಿಲ್ಲ, ಕಾಶೀನಾಥಗ ಕನ್ನಡ ಬರ್ತಿರ್ಲಿಲ್ಲ. ಆಜಿ ಯಾವ ಭಾಷಾದಾಗ ಮಾತಾಡಿದ್ರು ಅಂತ ಕೇಳಿದ್ರು. ಕಾಶೀನಾಥ ಬಾಯಾಗಿನ ಪಾನ್ ಅಗಿಯೂದು ನಿಲ್ಲಿಸಿದ. ಭಾಷಾ ಯಾವುದೋ ನೆನಪಿಲ್ಲ ಸಾಹೇಬ, ಎಲ್ಲಾ ತಿಳೀತು ಮಾತ್ರ, ಅಂದ. ಹಂಗಂದಾಂವನ ಸೈಕಲ್ ಹತ್ತಿ ಹ್ವಾದ, ಪಾನಿನ ರೊಕ್ಕ ಕೊಡೂದೂ ಮರತು.

ಮನಿಗೆ ಬಂದು ಇಬ್ರೂ ಹಿತ್ತಲ ಬಾಗಲಾ ನೋಡಿದ್ರು. ಒಳಗಿಂದ ಅಗಳಿ ಹಾಕಿದ್ದು ಹಾಕಿದಂಗ ಇತ್ತು. ತಗದು ನೋಡಿದ್ರ ಮೆಟ್ಟಲ ಮ್ಯಾಲೆ ಒಂದು ತಂಬಿಗಿ ಬೋರಲ ಹಾಕಿತ್ತು. ತೊಳದು ಬೋರಲ ಹಾಕೂದು ಲಕ್ಷ್ಮವ್ವನ ರೂಢಿ. ಬಾಜೂಕ ಉಗುರಿನಷ್ಟು ಬೆಲ್ಲ. ಅದಕ್ಕ ಇರಿವಿ ಮುತ್ತಿರ್ಲಿಲ್ಲ. ಇರಿವಿಗಳ ಸಾಲು ಗೇಣು ದೂರದಾಗ ಬಂದು, ಅದನ್ನ ಸುತ್ತ ಹಾಕಿ, ಮುಂದ ಹೋಗಿತ್ತು.

ವಿಜಯಾ ಮೆಟ್ಟಲ ಮ್ಯಾಲೆ ಕುಂತ್ಲು. "ಗ್ರೂಪಿನ್ಯಾಗ ಹೋಗೂಣ್ರಿ," ಅಂದ್ಲು.

"ನೀನ ಒಲ್ಲೆ ಅಂದಿದ್ದಿ."

"ಪ್ರೈವೇಟ್ ಹೋದ್ರ ನಮ್ಮಿಬ್ಬರ ನಡುವನ ಕೂಡ್ತಾರ. ಹದಿನೈದು ಮಂದಿ ಇದ್ರ ಯಾರ ನಡುವ ಬೇಕಾದ್ರೂ ಕೂಡ್ಲಿ."

ಗ್ರೂಪ್ ಟೂರ್ ಅಂದ್ರ ಸ್ವರ್ಗ ಅಂತಿದ್ದ ಉಮಾಪತಿ ಅಲ್ಲೆ ನಿಂತು ಶರ್ಟಿನ ಗುಂಡಿ ತಿರುವ್ಯಾಡಿದ್ರು.

"ಪ್ರೈವೇಟನ ಇರ್ಲಿ ಬಿಡು ವಿಜಯಾ," ಅಂದ್ರು ಸಣ್ಣ ದನಿಲೇ. "ಅಷ್ಟು ಗದ್ದಲದಾಗ ಅವ್ವಗ ಆಗೂದಿಲ್ಲ."

ವಿಜಯಾಗ ಆವತ್ತ ಲೆಕ್ಕ ತಿಳೀತು. ಇಬ್ಬರ ಮನ್ಯಾಗ ಬಹುಮತ ಅತ್ತಿಯದು. ಗಂಡಗ ಅಂಜಿಕಿ ಇರ್ಲಿಲ್ಲ. ಫೋಟೋ ಬಂದ ದಿವಸದಿಂದ ಅವರು ಒಂದು ನಮೂನಿ ಆರಾಮ ಇದ್ರು, ಕಳದದ್ದು ಸಿಕ್ಕಾಂವನ ಗತಿ. ಅಳಬೇಕೋ ಬೈಬೇಕೋ ಆಕಿಗೆ ತಿಳೀಲಿಲ್ಲ. ಇಪ್ಪತ್ತೈದು ವರ್ಷಕ್ಕ ಒಂದು ವಾರ ಕೇಳಿದ್ಲು ಆಕಿ, ಬರೇ ಒಂದು ವಾರ.

ಮರುದಿನ ಸಾಲಿಗೆ ರಜಾ ಹಾಕಿ ಒಬ್ಬಾಕಿನ ವಾಮನನ ಆಫೀಸಿಗೆ ಹೋಗಿ ಒಂದು ಮಹಾ ಯೋಜನಾ ಮುಂದಿಟ್ಲು. ಉಮಾಪತಿ, ವಿಜಯಾ ಇಬ್ರಿಗೂ ಮೇ ಹದಿನೈದರ ಗ್ರೂಪ್ ಟೂರ್. ಲಕ್ಷ್ಮವ್ವಗ ಇಪ್ಪತ್ತೆರಡಕ್ಕ ಪ್ರೈವೇಟ್ ಟೂರ್, ಬ್ಯಾರೆ ವಿಮಾನ, ಬ್ಯಾರೆ ಹೋಟೆಲು. ಅವರು ಹೋಗೋ ಹೊತ್ತಿಗೆ ಇವರು ಬಂದಿರ್ತಾರ. ಅತ್ತಿಗೆ ಗದ್ದಲ ಇಲ್ಲ, ಸೊಸಿಗೆ ಅತ್ತಿ ಇಲ್ಲ.

"ಆಜಿ ಒಬ್ರ ಹೆಂಗ ಹೋಗ್ತಾರ ಕಾಕು?" ಅಂದ ವಾಮನ.

"ಹೋಗ್ತಾರ. ಅವರಿಗೆ ರೂಢಿ ಆಗೈತಿ."

ವಾಮನ ಬರಕೊಂಡ. ಉಮಾಪತಿಗೂ ಇದು ಪಸಂದ್ ಬಿತ್ತು. ಅವ್ವಗ ಸ್ವತಂತ್ರ ಕಾರು ಸಿಗ್ತೈತಿ ಅಂತ ಎರಡು ಸಲ ಅಂದ್ರು. ಆ ವಾರ ಮನ್ಯಾಗ ಏನೂ ಆಗ್ಲಿಲ್ಲ. ತಂಬಿಗಿ ಅಡಗಿ ಮನ್ಯಾಗ ಇತ್ತು, ಬೆಲ್ಲ ಡಬ್ಬಿಯಾಗ ಇತ್ತು. ವಿಜಯಾ ಸೂಟ್‌ಕೇಸಿನ್ಯಾಗ ಒಂದು ಹೊಸಾ ಸೀರಿ ಇಟ್ಲು, ತಗದ್ಲು, ಮತ್ತ ಇಟ್ಲು. ಹಾಡು ಗುನುಗಿದ್ಲು ಅಂತನೂ ಬಾಜೂ ಮನಿಯವರು ಹೇಳ್ತಾರ.

ಮೇ ಹನ್ನೆರಡಕ್ಕ ವಾಮನನಿಂದ ಬುಲಾವ್ ಬಂತು. ಮೇಜಿನ ಮ್ಯಾಲೆ ಒಂದು ಪಾಸ್‌ಪೋರ್ಟು, ಎರಡು ಕಾಗದ. ಪಾಸ್‌ಪೋರ್ಟು ಲಕ್ಷ್ಮವ್ವನವರದು. ಕಾಗದ ಇವರಿಬ್ಬರವು. ಎರಡರಾಗೂ ಬರದದ್ದು ಒಂದ, ಟೈಪು, ಕೆಳಗ ಸೀಲು. ವಾಮನ ಇಂಗ್ಲೀಷಿಂದ ಕನ್ನಡಕ್ಕ ತಂದು, ಮರಾಠಿಯಾಗ ಮುಗಿಸಿ ಹೇಳಿದ: ಎರಡು ಸಲ ಚೌಕಶಿಗೆ ಹೋದಾಗ ಅರ್ಜಿದಾರರು ಸದರಿ ಪತ್ತೆದಾಗ ಸಿಕ್ಕಿಲ್ಲ. ಮನ್ಯಾಗ ವಾಸ ಇದ್ದವರು ಲಕ್ಷ್ಮವ್ವ ಒಬ್ರ. ಮಗಾ ಸೊಸಿ ಮನ್ಯಾಗ ಇರೂದಿಲ್ಲ ಅಂತ ಅವರ ಹೇಳಿಕಿ ಐತಿ. ಅದಕ್ಕ ಅರ್ಜಿ ನಾಮಂಜೂರು.

ವಿಜಯಾ ಆ ಸಾಲಿನ ಮ್ಯಾಲೆ ಬಟ್ಟು ಇಟ್ಲು. "ಸೊಸಿ ಮನ್ಯಾಗ ಇರೂದಿಲ್ಲ. ಇಷ್ಟು ವರ್ಷ ಬಾಯಿಲೇ ಹೇಳ್ತಿದ್ರು. ಈಗ ಸೀಲು ಹೊಡಿಸ್ಯಾರ."

ಏನರ ದಾರಿ ಐತೇನು ಅಂತ ಉಮಾಪತಿ ಕೇಳಿದ್ರು. ಐತಿ, ಸಾದಾ ಕೆಲಸ, ಅಂದ ವಾಮನ. ಇವರಿಬ್ರೂ ಇದ ಮನ್ಯಾಗ ಇರ್ತಾರ ಅಂತ ಕುಟುಂಬದ ಯಜಮಾನರು ಆಫೀಸಿಗೆ ಖುದ್ದ ಬಂದು ಬರದು ಕೊಟ್ರ ಆತು. ನಾಳೆ ಕೊಟ್ರ ನಾಡದ ಪಾಸ್‌ಪೋರ್ಟು, ಗುರುವಾರ ವಿಮಾನ. ನಾನ ಯಜಮಾನ, ಎಲ್ಲಿ ಬರದು ಕೊಡ್ಲಿ ಹೇಳು, ಅಂತ ಉಮಾಪತಿ ಕಿಸೆಯಿಂದ ಪೆನ್ನು ತಗದ್ರು. ವಾಮನ ರೇಶನ್ ಕಾರ್ಡ್ ಅವರ ಕಡೆ ತಿರಗಿಸಿದ. ಯಜಮಾನರ ಹೆಸರು ಅನ್ನೋ ಸಾಲಿನ್ಯಾಗ, ಕಾರ್ಡ್ ಮಾಡಿಸಿದ ದಿವಸದಿಂದ, ಲಕ್ಷ್ಮವ್ವ ಅಂತ ಇತ್ತು.

"ಆಜೀನ ನಾಳೆ ಹನ್ನೊಂದಕ್ಕ ಕರಕೊಂಡು ಬರ್ರಿ," ಅಂದ ವಾಮನ. "ಐದು ಮಿನಿಟಿನ ಕೆಲಸ."

ಉಮಾಪತಿ ಹೆಂಡತಿ ಮುಖ ನೋಡಿದ್ರು. ಕರಿಯೂಣೇನು ಅನ್ನೋ ಆಸೆ ಅವರ ಮುಖದ ಮ್ಯಾಲೆ ಚೊಲೋತ್ನಾಗ ಕಾಣಸ್ತಿತ್ತು.

"ಬ್ಯಾಡ," ಅಂದ್ಲು ವಿಜಯಾ. "ಕರದ್ರ ಬಂದಬಿಡ್ತಾರ."

ಅಲ್ಲೆ ಕುಂತು ಗ್ರೂಪಿನ ಎರಡು ಸೀಟು ರದ್ದು ಮಾಡಿದ್ರು. ಇಪ್ಪತ್ತೆರಡರ ಪ್ರೈವೇಟ್ ಟೂರ್ ಮಾತ್ರ ರದ್ದು ಆಗ್ಲಿಲ್ಲ. ಅದನ್ನ ರದ್ದು ಮಾಡಾಕ ಪ್ರಯಾಣಿಕರು ತಾವ ಬಂದು ಹೆಬ್ಬಟ್ಟು ಒತ್ತಬೇಕಾಗಿತ್ತು.